ಎಮ್ಮೆ ಗೂಟದ ಕ್ಯಾಮ್

"ನಾಳೆ ಜೀಪಿಗೆ ಚಾ ಇಡೂವಾಗ ಬಶಿ ತುಂಬ ಇಡ್ರಿ. ಅರ್ಧ ಇಟ್ಟು ಮಿಸ್ತ್ರಿಗೆ ಮೋಸ ಮಾಡಬ್ಯಾಡ್ರಿ."

ನನ್ನ ಹೆಂಡತಿ ನಿಂಬೆವ್ವ ನನಗೆ ಕಡೆಗೆ ಹೇಳಿದ್ದು ಇಷ್ಟೇ. ಮಧ್ಯಾಹ್ನದ ಊಟ ಆಗಿತ್ತು. ಇಂಜಿನ್ ಕೆಲಸ ಮುಗಿದು ಜೀಪು ಅವತ್ತೇ ಮನೆಗೆ ಬಂದಿತ್ತು. ಇಷ್ಟು ಹೇಳಿ ಗೋಡೆ ಕಡೆ ಹೊರಳಿ ಮಲಗಿದಳು. ಚಾ ಹೊತ್ತಿಗೆ ಎಬ್ಬಿಸಲು ಹೋದೆ. ಏಳಲಿಲ್ಲ.

ಮಿಸ್ತ್ರಿ ಯಾರು, ಜೀಪಿಗೆ ಬಶಿಯಲ್ಲಿ, ಅಂದರೆ ಸಾಸರಿನಲ್ಲಿ, ಚಾ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಹೇಳುತ್ತೇನೆ. ಈ ಕತೆ ಆಕೆಗೆ ಬಹಳ ಸೇರುತ್ತಿತ್ತು. ನಗುವ ಜಾಗ ಬರುವ ಮೊದಲೇ ನಗುತ್ತಿದ್ದಳು. ಆಮೇಲೆ ನಗುವ ಜಾಗ ಬಂದಾಗ ಮತ್ತೆ ನಗುತ್ತಿದ್ದಳು.

ಕೇಳಿರಿ.

ಹಿಂದೆ, ಬಹಳ ಹಿಂದೆ, ಡಾಂಬರಿಗೆ ಇನ್ನೂ ನಮ್ಮ ಕಡೆಯ ದಾರಿ ಗೊತ್ತಿರಲಿಲ್ಲ. ಆಗ ಇದೇ ಕೆಂಪಮಡ್ಡಿ ಊರು. ಊರ ಹೊರಗೆ ಒಂದು ಬೇವಿನ ಗಿಡ. ಗಿಡದ ಕೆಳಗೆ ದಸ್ತಗೀರ ಮಿಸ್ತ್ರಿ.

ಆ ಗಿಡವೇ ಗ್ಯಾರೇಜು. ಗೋಡೆ ಇಲ್ಲ, ಬಾಗಿಲು ಇಲ್ಲ. ಟೊಂಗೆಗೆ ಚೈನು ಕಟ್ಟಿ ಮಿಸ್ತ್ರಿ ಇಂಜಿನ್ ಎತ್ತುತ್ತಿದ್ದ. ಲಾರಿ ಇಂಜಿನ್ ಎತ್ತಿ ಎತ್ತಿ ಆ ಟೊಂಗೆ ನೆಲಕ್ಕೆ ಬಗ್ಗಿತ್ತು ಅಂತಾರೆ. ಆ ಗಿಡದ ಬೇವಿನಕಾಯಿ ಹಿಂಡಿದರೆ ಗ್ರೀಸು ಬರುತ್ತಿತ್ತು ಅಂತಾರೆ. ಅದು ಸುಳ್ಳಿರಬೇಕು. ಆದರೂ ಅಂತಾರೆ.

ಮಿಸ್ತ್ರಿಯ ಕೈ ಛಲೋ. ಕೈಗಿಂತ ಕಿವಿ ಛಲೋ. ಒಂದು ಕಟ್ಟಿಗೆ ತುಂಡು ಇಟ್ಟುಕೊಂಡಿದ್ದ. ಅದರ ಒಂದು ತುದಿ ಇಂಜಿನ್ ಮೇಲೆ ಇಡುತ್ತಿದ್ದ, ಇನ್ನೊಂದು ತುದಿಗೆ ಕಿವಿ ಹಚ್ಚುತ್ತಿದ್ದ. ಒಳಗೆ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಎಲ್ಲಾ ಹೇಳುತ್ತಿದ್ದ. ದೂರದ ಮಡ್ಡಿ ದಿಬ್ಬ ಇಳಿಯುವ ಲಾರಿಯ ಸಪ್ಪಳ ಕೇಳಿ, ಅದರಲ್ಲಿ ಶೇಂಗಾ ಇದೆಯೋ ಹತ್ತಿ ಇದೆಯೋ ಹೇಳುತ್ತಿದ್ದ ಅಂತಾರೆ. ಡ್ರೈವರ್ ಮನೆಯಲ್ಲಿ ಜಗಳ ಮಾಡಿ ಬಂದಿದ್ದಾನೋ ಇಲ್ಲವೋ, ಅದನ್ನೂ ಹೇಳುತ್ತಿದ್ದ ಅಂತಾರೆ.

ಅಂಥವನಿಗೆ ಬಡಾಯಿ ಇರುವುದೇ. ಇತ್ತು. ನನ್ನ ಕಿವಿ ಒಮ್ಮೆಯೂ ತಪ್ಪಿಲ್ಲ ಅಂತ ಸಂತೆಯಲ್ಲಿ ನಿಂತು ಹೇಳುತ್ತಿದ್ದ. ಹೆಂಡತಿ ಮನೆಯಿಂದ ಕೂಗಿದರೆ ಮಾತ್ರ ಆ ಕಿವಿಗೆ ಕೇಳುತ್ತಿರಲಿಲ್ಲ ಅಂತಾರೆ.

ಆ ಕಿವಿ ಒಮ್ಮೆ ತಪ್ಪಿತು. ಆ ಕತೆಯೇ ಇದು.

ಊರಲ್ಲಿ ಬಾಪುಗೌಡ ಅಂತ ಒಬ್ಬ ಗೌಡ ಇದ್ದ. ಆಳು ಎತ್ತರ, ಮೀಸೆ ಅಗಲ, ಮಾತು ಜೋರು. ತಾಯಿ ಎದುರಿಗೆ ಬಂದರೆ ಮಾತ್ರ ದನಿ ಇಳಿಯುತ್ತಿತ್ತು. ತಾಯಿ ಹೆಸರು ಗುರುಬಾಯಿ.

ಗುರುಬಾಯಿಗೆ ವಯಸ್ಸಾಗಿತ್ತು. ಸೊಂಟ ಹೋಗಿತ್ತು. ಚಕ್ಕಡಿಯಲ್ಲಿ ಕೂರಿಸಿದರೆ ಊರ ಅಗಸಿ ಬಾಗಿಲು ದಾಟುವುದರೊಳಗೆ ಇಳಿಸಿರೋ ಅನ್ನುತ್ತಿದ್ದಳು. ಆಕೆಯ ತವರು ಜಾಲಿದಿನ್ನಿ. ನಡುವೆ ದೊಡ್ಡ ಹಳ್ಳ. ಹಳ್ಳಕ್ಕೆ ಸೇತುವೆ ಇಲ್ಲ. ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಉಸುಕು. ಬಸ್ಸು ಆ ಕಡೆ ಮುಖ ಹಾಕುತ್ತಿರಲಿಲ್ಲ. ಹಾಗಾಗಿ ಎಷ್ಟೋ ವರ್ಷ ಆಕೆ ತವರು ನೋಡಿರಲಿಲ್ಲ.

ತವರಲ್ಲಿ ಅಕ್ಕ ಇದ್ದಳು, ಸೋನಾಬಾಯಿ. ಗಂಡ ತೀರಿದ ಮೇಲೆ ಅಲ್ಲೇ ಬಂದು ಇದ್ದಳು. ಆಕೆ ಹಾಸಿಗೆ ಹಿಡಿದಳು. ಹಾಸಿಗೆ ಹಿಡಿದವಳು ತಂಗಿಗೆ ಹೇಳಿ ಕಳಿಸಿದಳು:

"ಬರೂದಿದ್ರ ಲಗೂನ ಬಾ. ಬರೂದಿಲ್ಲಂದ್ರ ಹೇಳಿ ಕಳಸು. ನನಗೂ ಹೋಗೂದೈತಿ. ನಿನ್ನ ದಾರಿ ಕಾಯಕೋತ ಎಷ್ಟಂತ ಮಲಗ್ಲಿ."

ಇಬ್ಬರೂ ಹಾಗೇ. ಸಾಯುವುದಕ್ಕೂ ಒಂದು ಹೊತ್ತು ಗೊತ್ತು ಮಾಡಿಕೊಳ್ಳುವ ಮಂದಿ.

ಗುರುಬಾಯಿ ಅತ್ತಳು ಅಂತಾರೆ. ಅತ್ತು, ಕಣ್ಣು ಒರೆಸಿಕೊಂಡು, ಮಗನನ್ನು ಕರೆದಳು. ಚಕ್ಕಡಿ ಬ್ಯಾಡ, ಮೆತ್ತಗೆ ಹೋಗೂದು ಏನರ ತಾ ಅಂದಳು.

ಬಾಪುಗೌಡ ಹೋದ. ಬಂದ. ಏನು ತಂದ? ಯಾವುದೋ ಸಂಸ್ಥಾನದ ಅರಸನ ಅಳಿಯ ಮೆರೆದು ಬಿಟ್ಟ ಗಾಡಿ ತಂದ. ಅಮೆರಿಕಾದ ಗಾಡಿ. ಬಾನೆಟ್ಟಿನ ಮೇಲೆ ಇಬ್ಬರು ಕಾಲು ಚಾಚಿ ಮಲಗಬಹುದು, ಅಷ್ಟು ಉದ್ದ. ಮುಂದೆ ಹುಲಿಯ ಬಾಯಿಯಂಥ ಜಾಲರಿ. ಒಳಗೆ ಎಂಟು ಸಿಲಿಂಡರ್. ನಮ್ಮ ಕಡೆ ಲಾರಿಗೂ ಅಷ್ಟು ಇರಲಿಲ್ಲ. ಮನೆಗೆ ಒಂದು ಸಿಲಿಂಡರ್ ಹಂಚಿದರೂ ಒಂದು ಓಣಿಗೆ ಸಾಕು ಅಂದರು ಮಂದಿ. ಆದರೆ ಗಾಡಿ ತಾನಾಗಿ ಬರಲಿಲ್ಲ. ಎರಡು ಜೋಡಿ ಎತ್ತು ಎಳೆದುಕೊಂಡು ಬಂದವು. ಅಮೆರಿಕಾ ನಮ್ಮೂರಿಗೆ ಎತ್ತಿನ ಹಿಂದೆ ಬಂತು ಅಂತ ಈಗಲೂ ಅಂತಾರೆ.

ನಿನಗಾಗೇ ತಂದೀನಿ ಯವ್ವಾ ಅಂತ ಗೌಡ ತಾಯಿಗೆ ಹೇಳಿದ. ಕಟ್ಟೆಯ ಮೇಲೆ ಮಂದಿಗೆ ಬೇರೆಯೇ ಹೇಳಿದ. ಆತನ ದಾಯಾದಿಯೊಬ್ಬ ಹೊಸ ಮೋಟಾರ್ ಸೈಕಲ್ ತಂದು, ಗೌಡನ ಮನೆ ಮುಂದೆ ಬೇಕಂತಲೇ ಸಪ್ಪಳ ಎಬ್ಬಿಸಿಕೊಂಡು ಹೋಗುತ್ತಿದ್ದ. ಆ ಸಪ್ಪಳ ಮುಚ್ಚಿಸುವ ಸಪ್ಪಳ ಬೇಕು ಅಂದ.

ಗಾಡಿ ಬೇವಿನ ಗಿಡದ ಕೆಳಗೆ ನಿಂತಿತು. ಮಿಸ್ತ್ರಿ ಬಿಚ್ಚಿದ. ನೋಡಿದ. ಎಲ್ಲಾ ಸರಿ, ಕ್ಯಾಮ್ ಹೋಗಿದೆ ಅಂದ.

ಕ್ಯಾಮ್ ಅಂದರೆ ಏನು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಜಿನ್ ಹೊಟ್ಟೆಯಲ್ಲಿ ಒಂದು ಕಬ್ಬಿಣದ ಕೋಲು. ಕೋಲಿನ ಉದ್ದಕ್ಕೂ ಉಬ್ಬುಗಳು. ಕೋಲು ತಿರುಗುತ್ತದೆ, ಉಬ್ಬು ವಾಲ್ವ್ ಎತ್ತುತ್ತದೆ, ವಾಲ್ವ್ ತೆರೆದಾಗ ಇಂಜಿನ್ ಉಸಿರು ಎಳೆಯುತ್ತದೆ. ಇಷ್ಟೇ. ಉಬ್ಬು ದೊಡ್ಡದಿದ್ದರೆ ಪೈಲವಾನನ ಉಸಿರು. ಓಡಲು ಬಿಟ್ಟರೆ ಹಿಡಿಯುವವರಿಲ್ಲ. ಮೆಲ್ಲಗೆ ನಡೆ ಅಂದರೆ ಎದ್ದು ಬಿದ್ದು ಏದುಸಿರು ಬಿಟ್ಟು ಕಡೆಗೆ ನಿಂತೇ ಬಿಡುತ್ತಾನೆ. ಉಬ್ಬು ಸಣ್ಣದಿದ್ದರೆ ಹೇರು ಎಳೆಯುವ ಎತ್ತಿನ ಉಸಿರು. ಓಟ ಇಲ್ಲ. ಆದರೆ ಎಷ್ಟು ಮೆಲ್ಲಗೆ ಬೇಕೋ ಅಷ್ಟು ಮೆಲ್ಲಗೆ ಎಳೆಯುತ್ತದೆ.

ಗಾಡಿಯ ಡಿಕ್ಕಿಯಲ್ಲಿ ಎರಡು ಕ್ಯಾಮ್ ಸಿಕ್ಕವು. ಎಣ್ಣೆ ಬಟ್ಟೆಯಲ್ಲಿ ಕೂಸಿನಂತೆ ಸುತ್ತಿ ಇಟ್ಟಿದ್ದರು. ಒಂದು ದೊಡ್ಡ ಉಬ್ಬಿನದು, ಒಂದು ಸಣ್ಣ ಉಬ್ಬಿನದು. ಆ ಅರಸನ ಅಳಿಯ ರೇಸಿಗೆ ಒಂದು, ಹೆಂಡತಿ ಜೊತೆ ಹೋಗಲು ಒಂದು ಇಟ್ಟುಕೊಂಡಿದ್ದ ಅಂತಾರೆ.

ಯಾವುದು ಹಾಕಲಿ ಅಂತ ಮಿಸ್ತ್ರಿ ಕೇಳಿದ. ದೊಡ್ಡದು ಅಂದ ಗೌಡ.

ಮಿಸ್ತ್ರಿಗೆ ಎಲ್ಲಾ ಗೊತ್ತಿತ್ತು. ಮುದುಕಿ ಗೊತ್ತಿತ್ತು, ಹಳ್ಳ ಗೊತ್ತಿತ್ತು, ಉಸುಕು ಗೊತ್ತಿತ್ತು. ಗೌಡರೇ ಸಣ್ಣದೇ ಸರಿ ಅಂತ ಒಂದು ಮಾತು ಹೇಳಬೇಕಿತ್ತು. ಬಾಯಿ ಹೇಳಲು ಹೋಗಿತ್ತಂತೆ. ಕಿವಿ ಬಾಯಿ ಮುಚ್ಚಿತಂತೆ. ಯಾಕೆಂದರೆ ಎಂಟು ಸಿಲಿಂಡರ್ ಮೇಲೆ ದೊಡ್ಡ ಕ್ಯಾಮ್ ಕೂತರೆ ಹೇಗೆ ಕೇಳುತ್ತದೆ ಅಂತ ಮಿಸ್ತ್ರಿ ಬರೀ ಬೇರೆ ಮಿಸ್ತ್ರಿಗಳ ಬಾಯಲ್ಲಿ ಕೇಳಿದ್ದ. ತನ್ನ ಕಿವಿಯಲ್ಲಿ ಕೇಳಿರಲಿಲ್ಲ. ಆ ಆಸೆ ಎಷ್ಟು ವರ್ಷದ್ದೋ.

ದೊಡ್ಡದನ್ನೇ ಹಾಕಿದ. ಸಣ್ಣದನ್ನು ಗೌಡನ ಆಳಿನ ಕೈಗೆ ಕೊಟ್ಟು, ಒಯ್ದು ಮನೆಯಲ್ಲಿಡು ಅಂದ.

ಉಳಿದ ಕೆಲಸ ಮುಗಿಯಲು ಹದಿನೈದು ದಿನ ಹಿಡಿಯಿತು. ಸ್ಟಾರ್ಟ್ ಮಾಡುವ ದಿನ ಊರೇ ಬಂತು. ಕೀಲಿ ತಿರುಗಿಸಿದರು. ಗಡ್, ಗಡಗಡ್, ಗಡ್. ಒಮ್ಮೆ ಎದ್ದಂಗೆ, ಒಮ್ಮೆ ಬಿದ್ದಂಗೆ, ಒಮ್ಮೆ ಸತ್ತೇ ಹೋಯಿತು ಅನ್ನುವಂಗೆ, ಮತ್ತೆ ಗಡ್. ನೆಲ ನಡುಗಿತು. ಗಿಡದ ಕಾಗೆ ಎಲ್ಲಾ ಎದ್ದು ಹೋಗಿ, ಮುಂದಿನ ಅಮಾವಾಸ್ಯೆ ತನಕ ಬರಲಿಲ್ಲ ಅಂತಾರೆ. ಕುಂಬಾರರ ಓಣಿಯಲ್ಲಿ ಗಡಿಗೆ ಒಂದಕ್ಕೊಂದು ಬಡಿದುಕೊಂಡವು ಅಂತಾರೆ. ಮಲಗಿದ್ದ ಹೊಲದ ಲೆಕ್ಕ ಬರೆಯುವ ಪಟವಾರಿ ಎದ್ದು ಕೂತು, ಯಾರೂ ಕೇಳದಿದ್ದರೂ ನಿಜ ಹೇಳಿದ ಅಂತಾರೆ. ದಾಯಾದಿ ಮೋಟಾರ್ ಸೈಕಲ್ ಒಳಗೆ ನೂಕಿಕೊಂಡು ಕದ ಹಾಕಿಕೊಂಡ. ಇದಂತೂ ನಿಜ.

ಗೌಡ ಕುಣಿದ. ಮಿಸ್ತ್ರಿ ಕುಣಿಯಲಿಲ್ಲ. ಇಂಜಿನ್ ಹತ್ತಿರ ನಿಂತು ಕಣ್ಣು ಮುಚ್ಚಿದ್ದ. ಕಣ್ಣಲ್ಲಿ ನೀರಿತ್ತು ಅಂತಾರೆ.

ಅಷ್ಟರಲ್ಲಿ ಗುರುಬಾಯಿ ಬಂದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಕಂಕುಳಲ್ಲಿ ಅಕ್ಕನಿಗೆ ಶೇಂಗಾ ಹೋಳಿಗೆಯ ಗಂಟು. ಕೈಯಲ್ಲಿ ಬಶಿ ತುಂಬ ಚಾ. ಆಕೆ ಚಾ ಕುಡಿಯದೆ ಹೊಸ್ತಿಲು ದಾಟುತ್ತಿರಲಿಲ್ಲ. ದಾಟಿದರೆ ಬಶಿ ಸಮೇತ ದಾಟುತ್ತಿದ್ದಳು. ಸೆರಗು ಜಾರಿತು. ಸರಿ ಮಾಡಿಕೊಳ್ಳಲು ಕೈ ಬೇಕಾಯಿತು. ತೆರೆದ ಬಾನೆಟ್ಟಿನೊಳಗೆ, ಇಂಜಿನ್ ತಲೆಯ ಮೇಲೆ, ಗಾಳಿ ಸೋಸುವ ದುಂಡು ಡಬ್ಬಿಯ ಮುಚ್ಚಳ ಮಣೆಯಂತೆ ಕಂಡಿತು. ಅದರ ಮೇಲೆ ಬಶಿ ಇಟ್ಟಳು.

ಚಾ ಬಶಿಯಲ್ಲಿ ನಿಲ್ಲಲಿಲ್ಲ. ಎದ್ದು ನಿಂತಿತು ಅಂತಾರೆ. ಅರ್ಧ ಮಗನ ಬಿಳಿ ಅಂಗಿಯ ಮೇಲೆ, ಅರ್ಧ ತಾಯಿಯ ಹೊಸ ಸೀರೆಯ ಮೇಲೆ. ಬಶಿ ಒಂದೇ ಕುಣಿಯುತ್ತಾ ಉಳಿಯಿತು.

ಮುದುಕಿ ಸೀರೆ ನೋಡಿಕೊಂಡಳು. ಮಿಸ್ತ್ರಿಯನ್ನು ನೋಡಿದಳು.

"ಇದಕ್ಕ ಮೈಯಾಗ ಆರಾಮಿಲ್ಲೇನೋ?"

ಇದು ಹಿಂಗ ಇರೂದು ಯವ್ವಾ, ಇದು ಗಂಡಸು ಗಾಡಿ ಅಂದ ಗೌಡ. ಆಕೆ ಬೈದುಕೊಳ್ಳುತ್ತಲೇ ಒಳಗೆ ಕೂತಳು. ಅಕ್ಕನ ಮುಖ ನೋಡುವುದಿತ್ತು.

ಹೋದರು. ಊರ ದಾರಿಯಲ್ಲಿ ಹಾರಿದಂಗೆ ಹೋದರು. ಹಳ್ಳ ಬಂತು. ಉಸುಕಿನಲ್ಲಿ ಓಡಿಸಿದರೆ ಗಾಲಿ ಸುತ್ತಿ ಹೂಳುತ್ತದೆ. ಮೆಲ್ಲಗೆ, ಬಸುರಿ ಹೆಣ್ಣು ನಡೆದಂಗೆ ನಡೆಯಬೇಕು. ಮೆಲ್ಲಗೆ ಬಿಟ್ಟರೆ ಇಂಜಿನ್ ಉಸಿರು ಕಟ್ಟಿ ಸಾಯುತ್ತಿತ್ತು. ಎಬ್ಬಿಸಿ ಜೋರು ಕೊಟ್ಟರೆ ಗಾಲಿ ಸುತ್ತಿ ಒಳಗೆ ಇಳಿಯುತ್ತಿತ್ತು. ಸತ್ತಿತು, ಎಬ್ಬಿಸಿದರು. ಇಳಿಯಿತು, ತೋಡಿದರು. ಮತ್ತೆ ಸತ್ತಿತು. ಕಡೆಗೆ ಬಾನೆಟ್ಟು ಒಂದೇ ಕಾಣುತ್ತಿತ್ತು ಅಂತಾರೆ. ಆಚೆ ದಂಡೆಯಲ್ಲಿ ಜಾಲಿದಿನ್ನಿಯ ಜಾಲಿ ಗಿಡ ಕಾಣುತ್ತಿದ್ದವು. ಮುದುಕಿ ಗಂಟು ಹಿಡಿದುಕೊಂಡು ಆ ಗಿಡ ನೋಡುತ್ತಾ ಕೂತಿದ್ದಳು.

ಅವೇ ಎರಡು ಜೋಡಿ ಎತ್ತು ಬಂದವು. ಅವಕ್ಕೆ ದಾರಿ ಗೊತ್ತಿತ್ತು. ಎಳೆದು ತಂದವು. ಈ ವರ್ಷ ಉಸುಕು ಬ್ಯಾರೆ ನಮೂನಿ ಬಂದೈತಿ ಅಂತ ಗೌಡ ಕಂಡಕಂಡವರಿಗೆ ಹೇಳಿದ.

ಶೇಂಗಾ ಹೋಳಿಗೆಯನ್ನು ಮುದುಕಿ ಓಣಿಗೆ ಹಂಚಿದಳು. ತಾನು ತಿನ್ನಲಿಲ್ಲ ಅಂತಾರೆ.

ಮರುದಿನ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಮಿಸ್ತ್ರಿ ಕೂತಿದ್ದ. ಗುರುಬಾಯಿ ಕೋಲು ಊರಿಕೊಂಡು, ನಿಂತು ನಿಂತು, ಒಬ್ಬಳೇ ಬಂದಳು. ಒಂದು ಲಾರಿ ಟೈರಿನ ಮೇಲೆ ಕೂತಳು. ಸೆರಗಿನಿಂದ ಬೆವರು ಒರೆಸಿಕೊಂಡಳು. ಆಮೇಲೆ ಕೇಳಿದಳು.

"ದಸ್ತಗೀರಾ, ಖರೇ ಹೇಳು. ಆ ಕಬ್ಬಿಣ ಯಾರ ಸಲುವಾಗಿ ಹಾಕಿದಿ?"

ಗೌಡರು ಹೇಳಿದರು ಅಂತ ಅನ್ನಬಹುದಿತ್ತು. ಅನ್ನಲಿಲ್ಲ. ಮಿಸ್ತ್ರಿಯಲ್ಲಿ ಬಡಾಯಿ ಇತ್ತು, ಸುಳ್ಳು ಇರಲಿಲ್ಲ.

"ನನ್ನ ಕಿವಿ ಸಲುವಾಗಿ, ದೊಡ್ಡವ್ವ."

"ಹೌದಾ? ಜಾಲಿದಿನ್ನಿಗಿ ನಿನ್ನ ಕಿವಿ ಹೋಗಬೇಕಾಗಿತ್ತೋ, ನಾ ಹೋಗಬೇಕಾಗಿತ್ತೋ?"

ಆ ಹೊತ್ತಿನಲ್ಲಿ ಮಡ್ಡಿ ಮೇಲಿಂದ ಒಂದು ಲಾರಿ ಇಳಿಯಿತು. ಏನು ಹೇರಿದೆ ಅಂತ ಮಿಸ್ತ್ರಿ ಹೇಳಲಿಲ್ಲ. ಅದೊಂದು ಸಲ.

ಸಣ್ಣದು ಹಾಕು, ನಾನು ಇಲ್ಲೇ ಕೂತಿರುತ್ತೇನೆ ಅಂದಳು ಮುದುಕಿ. ಮಿಸ್ತ್ರಿ ಎದ್ದು ಗೌಡನ ಮನೆಗೆ ಓಡಿದ. ಸಣ್ಣ ಕ್ಯಾಮ್ ಎಲ್ಲಿ ಅಂದ. ಆಳು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದ.

ಕ್ಯಾಮ್ ನೆಲದಲ್ಲಿ ಹೂತಿತ್ತು. ಅದಕ್ಕೆ ಎಮ್ಮೆ ಕಟ್ಟಿತ್ತು.

ಇಲ್ಲಿ ನಿಂಬೆವ್ವ ನಗುತ್ತಿದ್ದಳು.

ಮಿಸ್ತ್ರಿ ತಲೆ ಮೇಲೆ ಕೈ ಹೊತ್ತು ಕೂತ. ಆಳಿಗೆ ಏನು ತಪ್ಪಾಯಿತು ಅಂತ ತಿಳಿಯಲಿಲ್ಲ.

"ಮಿಸ್ತ್ರಿ, ಇಂಥಾ ಛಲೋ ಗೂಟ ನಾ ಹುಟ್ಟಿದಾಗಿಂದ ನೋಡಿಲ್ರಿ. ಕಟ್ಟಿಗಿ ಗೂಟದಾಗ ಹಗ್ಗ ಮ್ಯಾಲೆ ಜಾರತೈತಿ. ಇದಕ್ಕ ನೋಡ್ರಿ, ಉಬ್ಬು ಅದಾವ. ಒಂದು ಸಲ ಕಟ್ಟಿದ್ರ ಮುಗೀತು. ಅಮೆರಿಕಾದಾಗ ಎಮ್ಮಿ ಭಾಳ ಇರಬೇಕ್ರಿ."

ಮಿಸ್ತ್ರಿ ಕೀಳಲು ಹೋದ. ಎಮ್ಮೆ ಬಿಡಲಿಲ್ಲ. ಅದಕ್ಕೆ ಆ ಗೂಟ ಒಗ್ಗಿತ್ತು. ಉಬ್ಬಿಗೆ ಕುತ್ತಿಗೆ ತಿಕ್ಕಿಕೊಂಡು ತುರಿಕೆ ಕಳೆದುಕೊಳ್ಳುವುದು ರೂಢಿಯಾಗಿತ್ತು. ಮಿಸ್ತ್ರಿ ಒಂದು ಕಡೆ ಎಳೆದ, ಎಮ್ಮೆ ಒಂದು ಕಡೆ ಎಳೆಯಿತು. ಊರು ಬೇಲಿಯ ಮೇಲೆ ಕೂತು ನೋಡಿತು. ಕಡೆಗೆ ಹಿಂಡಿ ತೋರಿಸಿ ಎಮ್ಮೆಯನ್ನು ಆ ಕಡೆ ಕರೆದರು. ಕ್ಯಾಮ್ ಕೈಗೆ ಬಂತು. ತುಕ್ಕು ಹಿಡಿದಿತ್ತು. ಮಣ್ಣು ಮೆತ್ತಿತ್ತು, ಸೆಗಣಿ ಮೆತ್ತಿತ್ತು. ಹೂಳುವಾಗ ಸುತ್ತಿಗೆ ಬಿದ್ದು ಒಂದು ತುದಿ ಚಪ್ಪಟೆ ಆಗಿತ್ತು. ಉಬ್ಬುಗಳು ಮಾತ್ರ ನುಣ್ಣಗೆ ಹೊಳೆಯುತ್ತಿದ್ದವು. ಎಮ್ಮೆ ತಿಕ್ಕಿ ತಿಕ್ಕಿ ಅವುಗಳಿಗೆ ತುಕ್ಕು ಹತ್ತಗೊಟ್ಟಿರಲಿಲ್ಲ ಅಂತಾರೆ.

ಮಿಸ್ತ್ರಿ ಚಪ್ಪಟೆ ತುದಿ ಉಜ್ಜಿದ. ಸೀಮೆ ಎಣ್ಣೆಯಲ್ಲಿ ತೊಳೆದ. ಮತ್ತೆ ಉಜ್ಜಿದ. ಮುದುಕಿ ಟೈರಿನ ಮೇಲೆ ಕೂತೇ ಇದ್ದಳು. ಮನೆಯಿಂದ ರೊಟ್ಟಿ ಬಂದರೆ ಅಲ್ಲೇ ಉಂಡಳು, ಮಿಸ್ತ್ರಿಗೂ ಕೊಟ್ಟಳು. ಮಿಸ್ತ್ರಿ ಉಂಡು ಬಂದು ಗಾಡಿಯ ಮುಂಭಾಗ ಬಿಚ್ಚಿ ದೊಡ್ಡ ಕ್ಯಾಮ್ ಎಳೆದ. ಎಳೆಯುವಾಗ ಒಮ್ಮೆ ಅದನ್ನು ಎದೆಗೆ ಒತ್ತಿಕೊಂಡ ಅಂತಾರೆ. ಮುದುಕಿ ನೋಡಿ ನೋಡದಂಗೆ ಕೂತಳಂತೆ. ಸಣ್ಣದನ್ನು ಕೂರಿಸಿದ. ಗೇರ್ ಚಕ್ರಗಳ ಗುರುತಿನ ಚುಕ್ಕಿಗೆ ಚುಕ್ಕಿ ಹೊಂದಿಸಿದ. ಮುಚ್ಚಿದ.

ಸ್ಟಾರ್ಟ್ ಮಾಡಿದರು. ಸಪ್ಪಳ ಬಂತೋ ಇಲ್ಲವೋ ಅಂತ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಹಿತ್ತಲಲ್ಲಿ ಎಮ್ಮೆ ಮೆಲುಕು ಹಾಕಿದಂಗೆ ಇತ್ತು ಅಂತಾರೆ. ಗೌಡನ ಮುಖ ಸಣ್ಣದಾಯಿತು.

"ಇದೇನೋ ಮಿಸ್ತ್ರಿ, ಟೇಲರ್ ಮಶೀನ್ ಮಾಡಿಟ್ಟಿ?"

ಮಿಸ್ತ್ರಿ ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದಳು.

"ಟೇಲರ್ ಮಶೀನ್ ಹರಿದದ್ದು ಹೊಲಿತೈತಿ. ನೀ ಸುಮ್ನಿರು."

ಮನೆಯಿಂದ ಚಾ ತರಿಸಿದಳು. ಬಶಿಗೆ ಸುರಿದಳು. ಅರ್ಧ ಅಲ್ಲ, ತುಂಬ ಸುರಿದಳು. ಅಂಚಿಗೆ ಬಂದು, ಅಂಚಿಗಿಂತ ಒಂದು ಕೂದಲೆಳೆ ಮೇಲೆ ನಿಂತಿತ್ತು ಚಾ. ಎರಡೂ ಕೈಯಿಂದ ಇಂಜಿನ್ ತಲೆಯ ಮೇಲೆ ಇಟ್ಟಳು. ಕೈ ಬಿಟ್ಟಳು.

ಊರು ಬಗ್ಗಿ ನೋಡಿತು. ಚಾ ನಡುಗಿತು. ನಡುವಿನಿಂದ ಅಂಚಿಗೆ ಸಣ್ಣ ಸಣ್ಣ ಬಳೆ ಎದ್ದವು. ಅಂಚಿಗೆ ಬಂದು ಅಲ್ಲೇ ನಿಂತವು. ಒಂದು ಹನಿ ಚೆಲ್ಲಲಿಲ್ಲ.

ಗುರುಬಾಯಿ ಬಶಿ ಎತ್ತಿ ಸೊರ್ ಅಂತ ಕುಡಿದಳು. ಬಾಯಿ ಒರೆಸಿಕೊಂಡಳು. ಇನ್ನು ಹೊಂಡ್ರಿ ಅಂದಳು.

ಹೊರಟರು. ಈ ಸಲ ಮಿಸ್ತ್ರಿಯೂ ಹೋದ. ಹಳ್ಳ ಬಂತು. ಗೌಡ ಹಲ್ಲು ಕಚ್ಚಿಕೊಂಡು ಆಕ್ಸಿಲರೇಟರಿನಿಂದ ಕಾಲು ಮೇಲೆತ್ತಿದ. ಗಾಡಿ ಸಾಯಲಿಲ್ಲ. ಇಳಿಯಲಿಲ್ಲ. ಉಸುಕಿನ ಮೇಲೆ ಮೆಲ್ಲಗೆ, ಅಷ್ಟು ಮೆಲ್ಲಗೆ ನಡೆಯಿತು. ಮಿಸ್ತ್ರಿ ಇಳಿದು ಬಾನೆಟ್ಟಿಗೆ ಕೈ ಹಚ್ಚಿಕೊಂಡು ಪಕ್ಕದಲ್ಲಿ ನಡೆದ, ಮಗಳನ್ನು ಗಂಡನ ಮನೆಗೆ ಕಳಿಸುವವನಂಗೆ. ನಡು ಹಳ್ಳದಲ್ಲಿ ಹಿಂದೆ ಏನೋ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಎಮ್ಮೆ. ಗೂಟ ಇಲ್ಲದ ಎಮ್ಮೆ ಹಗ್ಗ ಎಳೆದುಕೊಂಡು ಗೂಟದ ಹಿಂದೆ ಬರುತ್ತಿತ್ತು. ಗಾಡಿ ಎಷ್ಟು ಮೆಲ್ಲಗೋ ಎಮ್ಮೆ ಅಷ್ಟು ಮೆಲ್ಲಗೆ.

ಹೀಗೆ ಜಾಲಿದಿನ್ನಿಗೆ ಹೋದರು. ಮುಂದೆ ಗಾಡಿ, ಪಕ್ಕದಲ್ಲಿ ಮಿಸ್ತ್ರಿ, ಹಿಂದೆ ಎಮ್ಮೆ.

ಸೋನಾಬಾಯಿ ಇನ್ನೂ ಇದ್ದಳು. ಪಡಸಾಲೆಯಲ್ಲಿ ಹಾಸಿಗೆ. ಮಗ್ಗುಲಾಗಿ ಬಾಗಿಲ ಕಡೆ ನೋಡಿದಳು. ಉದ್ದ ಗಾಡಿ ನೋಡಿದಳು. ಇಳಿಯುವ ತಂಗಿಯನ್ನು ನೋಡಿದಳು. ಎಮ್ಮೆಯನ್ನು ನೋಡಿದಳು. ಎಷ್ಟೋ ವರ್ಷದ ಮೇಲೆ ಬಂದ ತಂಗಿಗೆ ಆಕೆ ಆಡಿದ ಮೊದಲ ಮಾತು ಇದು:

"ಗಾಡಿ ಕೆಟ್ರ ಇರ್ಲಿ ಅಂತ ಎಮ್ಮಿ ಹೊಡಕೊಂಡು ಬಂದೀಯೇನ?"

ಗುರುಬಾಯಿ ನಗಲು ಹತ್ತಿದಳು. ಅಕ್ಕನೂ ನಕ್ಕಳು. ನಕ್ಕು ಕೆಮ್ಮಿದಳು, ಕೆಮ್ಮಿ ನಕ್ಕಳು. ಅಳಬೇಕು ಅಂತ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದ ಹೆಂಗಸರು ಏನು ಮಾಡಬೇಕೋ ತಿಳಿಯದೆ ಅವರೂ ನಕ್ಕರು. ಆ ನಗು ಹಳ್ಳದ ಈ ಕಡೆ ಕೇಳಿತು ಅಂತಾರೆ. ಇಲ್ಲಿ ನಿಂಬೆವ್ವ ಮತ್ತೆ ನಗುತ್ತಿದ್ದಳು.

ಗುರುಬಾಯಿ ಅಲ್ಲೇ ಉಳಿದಳು. ಅಕ್ಕನಿಗೆ ಬಶಿಯಲ್ಲಿ ಚಾ ಕುಡಿಸಿದಳು. ಕೆಲವು ದಿನ ಹೋದ ಮೇಲೆ ಸೋನಾಬಾಯಿ, ಆತು, ಇನ್ನ ನಾ ಹೊಂಡ್ತೀನಿ ಅಂದಳಂತೆ. ಕೈ ತಂಗಿಯ ಕೈಯಲ್ಲಿತ್ತು.

ಮಿಸ್ತ್ರಿ ಅಷ್ಟೂ ದಿನ ಜಾಲಿದಿನ್ನಿಯ ಅಗಸಿಯಲ್ಲಿ ಮಲಗಿದ್ದ ಅಂತಾರೆ. ವಾಪಸು ಬರುವಾಗ ಗಾಡಿ ನಿಂತರೆ ಅಂತ. ಗಾಡಿ ನಿಲ್ಲಲಿಲ್ಲ.

ಆಮೇಲೆ ದಸ್ತಗೀರ ಮಿಸ್ತ್ರಿ ಯಾರ ಗಾಡಿಗಾದರೂ ಕೈ ಹಾಕುವ ಮೊದಲು ಒಂದೇ ಮಾತು ಕೇಳುತ್ತಿದ್ದ. ಇದರಲ್ಲಿ ಕೂರುವವರು ಯಾರು? ಏನು ಬೇಕು ಅಂತ ಕೇಳುತ್ತಿರಲಿಲ್ಲ. ಕೂರುವವರು ಯಾರು ಅಂತ ಕೇಳುತ್ತಿದ್ದ. ಕೆಲಸ ಮುಗಿದ ಮೇಲೆ ಕಟ್ಟಿಗೆ ತುಂಡು ಕಿವಿಗೆ ಹಚ್ಚುತ್ತಿರಲಿಲ್ಲ. ಬಶಿ ತುಂಬ ಚಾ ಇಡುತ್ತಿದ್ದ. ಬಡಾಯಿ ಮಾತ್ರ ಬಿಡಲಿಲ್ಲ. ಬಶಿಯ ಯುಕ್ತಿ ನನ್ನದೇ ಅಂತ ಸಂತೆಯಲ್ಲಿ ನಿಂತು ಹೇಳುತ್ತಿದ್ದ. ಗುರುಬಾಯಿ ಅಲ್ಲಿಂದ ಹಾದು ಹೋದರೆ ದನಿ ಇಳಿಯುತ್ತಿತ್ತು.

ಎಮ್ಮೆಗೆ ದೊಡ್ಡ ಕ್ಯಾಮ್ ಕೊಟ್ಟರು. ಅದರ ಉಬ್ಬು ಇನ್ನೂ ದೊಡ್ಡದು. ಎಮ್ಮೆಗೆ ಇನ್ನೂ ಸುಖ ಆಯಿತು. ಗೌಡರ ಹಿತ್ತಲಲ್ಲಿ ಆ ಕ್ಯಾಮ್ ಈಗಲೂ ಹೂತಿದೆ. ನಾನೇ ಮುಟ್ಟಿದ್ದೇನೆ. ನುಣ್ಣಗಿದೆ.

ಮಿಸ್ತ್ರಿ ಹೇಗೆ ಹೋದ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಡ್ಡಿ ಇಳಿಯುವ ಲಾರಿಯ ಸಪ್ಪಳ ಕೇಳುತ್ತಾ, ಶೇಂಗಾ ಅಂದು, ಕಣ್ಣು ಮುಚ್ಚಿದ ಅಂತಾರೆ. ಲಾರಿ ಬಂದು ನಿಂತಾಗ ನೋಡಿದರೆ ಶೇಂಗಾನೇ ಇತ್ತು ಅಂತಾರೆ. ಬೇವಿನ ಗಿಡವೂ ಈಗ ಇಲ್ಲ. ಅಲ್ಲಿ ಪಂಚರ್ ಅಂಗಡಿ ಇದೆ.

ಬಶಿ ಉಳಿಯಿತು. ಈಗಲೂ ನಮ್ಮ ಕಡೆ ಲಾರಿ ಇರಲಿ, ಟ್ರ್ಯಾಕ್ಟರ್ ಇರಲಿ, ಟಂಟಂ ಇರಲಿ, ಇಂಜಿನ್ ಕೆಲಸ ಮಾಡಿಸಿ ತಂದರೆ ಮಾರನೇ ದಿನ ಮುಂಜಾನೆ ಮನೆ ಬಾಗಿಲಲ್ಲಿ ಸ್ಟಾರ್ಟ್ ಮಾಡಿ ಅದರ ತಲೆಯ ಮೇಲೆ ಚಾ ಇಡುತ್ತಾರೆ. ಮಿಸ್ತ್ರಿಗೆ ಚಾ ಇಡೋದು ಅಂತಾರೆ. ಚೆಲ್ಲದಿದ್ದರೆ ಕೆಲಸ ಸರಿ. ಆ ಚಾ ಮನೆಯ ಹಿರಿಯ ಹೆಣ್ಣುಮಗಳು ಕುಡಿಯಬೇಕು. ಆಕೆ ಕುಡಿದ ಮೇಲೆ ಗಾಡಿ ಹೊರಡಬೇಕು. ಕೆಲವರು ಚೆಲ್ಲಬಾರದು ಅಂತ ಅರ್ಧ ಬಶಿ ಇಡುತ್ತಾರೆ. ನಾನೂ ಇಡುತ್ತಿದ್ದೆ. ನಿಂಬೆವ್ವ ಬಂದು ನೋಡಿ, ಇದೇನು ಹಕ್ಕಿಗೆ ನೀರು ಇಟ್ಟೀರೇನು ಅಂದು, ಕೆಟಲಿ ತಂದು ತುಂಬಿಸುತ್ತಿದ್ದಳು. ಚೆಲ್ಲಿದ್ದೂ ಉಂಟು. ಚೆಲ್ಲಿದರೆ ನನ್ನನ್ನು ಗ್ಯಾರೇಜಿಗೆ ಮತ್ತೆ ಕಳಿಸಿದ್ದೂ ಉಂಟು.

ನಿಂಬೆವ್ವ ಏಳದೇ ಹೋದ ದಿನ ಸಂಜೆಯೇ ಆಕೆಯನ್ನು ಮಣ್ಣು ಮಾಡಿ ಬಂದೆವು.

ಮರುದಿನ ಮುಂಜಾನೆ ಎದ್ದೆ. ಜೀಪು ಬಾಗಿಲಲ್ಲೇ ಇತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂಗಿಲ್ಲ, ಚಾ ಬೇಕಂದ್ರ ನಮ್ಮನಿಯಿಂದ ತರ್ತೀನಿ ಮಾವಾ ಅಂದಳು ತಮ್ಮನ ಹೆಂಡತಿ. ಬ್ಯಾಡ ಅಂದೆ. ಅಂಗಳಕ್ಕೆ ಬಂದು ಮೂರು ಕಲ್ಲು ಹೂಡಿದೆ. ನಾನು ಅದಕ್ಕಿಂತ ಮೊದಲು ಚಾ ಮಾಡಿರಲಿಲ್ಲ. ಪುಡಿ ಎಲ್ಲಿದೆ ಅಂತ ಹುಡುಕಿದೆ. ಹಾಲು ಉಕ್ಕಿ ಬೆಂಕಿ ಆರಿತು. ಮತ್ತೆ ಹಚ್ಚಿದೆ. ಬಾನೆಟ್ ತೆರೆದು ಜೀಪು ಸ್ಟಾರ್ಟ್ ಮಾಡಿದೆ. ಬಶಿ ತುಂಬ ಸುರಿದೆ. ಒಯ್ಯುವಾಗ ಅರ್ಧ ಚಾ ದಾರಿಯಲ್ಲೇ ಚೆಲ್ಲಿತು. ಅದು ಇಂಜಿನ್ ತಪ್ಪಲ್ಲ. ಹಂಗೇ ಇಡಬಹುದಿತ್ತು. ವಾಪಸು ಬಂದೆ, ಅಂಚಿಗೆ ಬರುವಂಗೆ ಮತ್ತೆ ತುಂಬಿಸಿದೆ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆದೆ. ಇಟ್ಟೆ. ಕೈ ಬಿಟ್ಟೆ.

ಒಂದು ಹನಿ ಚೆಲ್ಲಲಿಲ್ಲ.

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಈಗ ಮನೆಗೆ ಹಿರಿಯ ಹೆಣ್ಣುಮಗಳು ಆಕೆಯೇ, ಬಾ ಅಂದರೆ ಬಂದು ಕುಡಿಯುತ್ತಿದ್ದಳು. ಕರೆಯಲಿಲ್ಲ. ಬಶಿ ಎತ್ತಿ ನಾನೇ ಕುಡಿದೆ. ಸಕ್ಕರೆ ಹಾಕಿರಲಿಲ್ಲ. ಪೂರಾ ಕುಡಿದೆ.